ಊರ ಹೈಸ್ಕೂಲು ಹೇಗಿದೆ? ಫಲಿತಾಂಶದ ಬ್ಯಾನರ್ ಹೇಳದ ಸಂಗತಿಗಳು

ಮೇ ತಿಂಗಳು ಬಂತೆಂದರೆ ಹೈಸ್ಕೂಲುಗಳ ಗೇಟಿಗೆ ಬ್ಯಾನರ್ ಏರುತ್ತದೆ. ‘ಎಸ್ಸೆಸ್ಸೆಲ್ಸಿಯಲ್ಲಿ ಶೇ 100 ಫಲಿತಾಂಶ’. ಏಳನೇ ತರಗತಿ ಮುಗಿಸಿದ ಮಗುವನ್ನು ಎಂಟಕ್ಕೆ ಎಲ್ಲಿ ಸೇರಿಸುವುದು ಎಂಬ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರು ಎಷ್ಟೋ ಸಲ ಅದನ್ನು ನೋಡಿಯೇ ತೀರ್ಮಾನಿಸಿಬಿಡುತ್ತಾರೆ. ದೊಡ್ಡ ಶಾಲೆಯಾದರೆ ಆ ಅಂಕಿಗೆ ಒಂದಿಷ್ಟು ಅರ್ಥವಿದ್ದೀತು. ಆದರೆ ತರಗತಿಗೆ ಒಂದೇ ವಿಭಾಗ, ಹತ್ತನೇ ತರಗತಿಯಲ್ಲಿ ಇಪ್ಪತ್ತೋ ಇಪ್ಪತ್ತೈದೋ ಮಕ್ಕಳು, ಏಳೆಂಟು ಜನ ಶಿಕ್ಷಕರು ಇರುವ ಊರ ಹೈಸ್ಕೂಲಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇಪ್ಪತ್ತು ಮಕ್ಕಳಲ್ಲಿ ಒಬ್ಬ ಫೇಲಾದರೆ ಐದು ಪರ್ಸೆಂಟ್ ಹೋಯಿತು, ಇಬ್ಬರಾದರೆ ಹತ್ತು. ಮೇಷ್ಟ್ರು ಅವರೇ, ಪಾಠವೂ ಹೋದ ವರ್ಷದ್ದೇ, ಆದರೂ ಊರಲ್ಲಿ ‘ಶಾಲೆ ಕೆಟ್ಟೋಯ್ತು’ ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಹಾಗಾದರೆ ಸಣ್ಣ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಗೆ ನಡೆಯುತ್ತಿದೆ, ಮುಖ್ಯ ಶಿಕ್ಷಕರು (ಎಚ್.ಎಂ.) ಶಾಲೆಯನ್ನು ಹೇಗೆ ನಡೆಸುತ್ತಿದ್ದಾರೆ ಎಂದು ಪೋಷಕರು ತಿಳಿಯುವುದು ಹೇಗೆ? ತಿಳಿಯಲು ಸಾಧ್ಯವಿದೆ, ಅದಕ್ಕೆ ಶಿಕ್ಷಣತಜ್ಞರೇ ಆಗಬೇಕಿಲ್ಲ. ನೋಡಬೇಕಾದ ಜಾಗ ಯಾವುದೆಂದು ಗೊತ್ತಿದ್ದರೆ ಸಾಕು. ನನ್ನ ಮಟ್ಟಿಗೆ ಅಂಥ ಮುಖ್ಯವಾದ ಜಾಗ ಒಂದೇ: ಶಿಕ್ಷಕರೊಬ್ಬರು ರಜೆಯಲ್ಲಿರುವ ದಿನ ಅವರ ಪೀರಿಯಡ್. ಅದಕ್ಕೆ ಬರುವ ಮೊದಲು ಫಲಿತಾಂಶದ, ನೋಟ್‌ಬುಕ್ಕಿನ ವಿಚಾರ ಮುಗಿಸಿಕೊಳ್ಳೋಣ.

ಫಲಿತಾಂಶವನ್ನು ಓದುವ ಬಗೆ

ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಆ ವರ್ಷದ ಪರೀಕ್ಷೆ-1ರಲ್ಲಿ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಪಾಠ ಮರೆತರೆಂದು ಇದರ ಅರ್ಥವಲ್ಲ. ಅಂಕಿಯೊಳಗೆ ಕಲಿಕೆಯಲ್ಲದ ಬೇರೆ ಏನೇನೋ ಸೇರಿಕೊಂಡಿತ್ತು ಎಂದಷ್ಟೇ ಅರ್ಥ.

ಆದ್ದರಿಂದ ಶಾಲೆಗೆ ಹೋದಾಗ ಪರ್ಸೆಂಟ್ ಕೇಳಬೇಡಿ. ಕೇಳಬೇಕಾದ ಮೊದಲ ಪ್ರಶ್ನೆ ಇದು: ಮೂರು ವರ್ಷದ ಹಿಂದೆ ಎಂಟನೇ ತರಗತಿಗೆ ಸೇರಿದ ಮಕ್ಕಳು ಎಷ್ಟು, ಅವರಲ್ಲಿ ಈ ಸಲ ಹತ್ತನೇ ಪರೀಕ್ಷೆ ಬರೆದವರು ಎಷ್ಟು? ಮೂವತ್ತೆರಡು ಮಕ್ಕಳು ಸೇರಿ ಇಪ್ಪತ್ತೊಂದು ಮಕ್ಕಳು ಪರೀಕ್ಷೆ ಬರೆದು ಅಷ್ಟೂ ಜನ ಪಾಸಾಗಿದ್ದರೆ ಅದು ನೂರಕ್ಕೆ ನೂರು ಅಲ್ಲ. ಉಳಿದ ಹನ್ನೊಂದು ಮಕ್ಕಳು ಎಲ್ಲಿ ಎಂದು ಯಾರಾದರೂ ಹೇಳಬೇಕು. ಕೆಲವರ ಮನೆಯವರು ಊರು ಬಿಟ್ಟಿರಬಹುದು, ಕೆಲವರು ವಸತಿ ಶಾಲೆಗೆ ಹೋಗಿರಬಹುದು. ಒಂಬತ್ತರಲ್ಲಿ ಕಲಿಕೆ ಸಾಲದೆಂದು ಟಿ.ಸಿ. ಕೊಟ್ಟು ಕಳಿಸಿದವರೂ, ಗಾರ್ಮೆಂಟ್ಸ್ ಸೇರಿದವರೂ, ಮದುವೆಯಾದ ಹುಡುಗಿಯೂ ಅವರಲ್ಲಿರಬಹುದು. ಒಳ್ಳೆಯ ಎಚ್.ಎಂ. ಆ ಹನ್ನೊಂದು ಮಕ್ಕಳ ಹೆಸರು ಹಿಡಿದು ಹೇಳುತ್ತಾರೆ. ಸಣ್ಣ ಶಾಲೆಯಲ್ಲಿ ಅದು ಆಗದ ಮಾತೇನಲ್ಲ. ತರಗತಿವಾರು ದಾಖಲಾತಿಯನ್ನು ನೀವೇ ನೋಡಿಕೊಳ್ಳುವುದಾದರೆ ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ. ‘ನೋ ಯುವರ್ ಸ್ಕೂಲ್’ ಜಾಲತಾಣದಲ್ಲಿ ಅದನ್ನು ಹಾಕಿದರೆ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ಸಿಗುತ್ತವೆ.

ಎರಡನೆಯದು ಆಂತರಿಕ ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ಲಿಖಿತ 100, ಆಂತರಿಕ 25. ಉಳಿದ ವಿಷಯಗಳಿಗೆ 80 ಮತ್ತು 20. ಈ ಆಂತರಿಕ ಅಂಕ ಬರುವುದು ಶಾಲೆಯಲ್ಲಿ ‘ಎಫ್.ಎ.’ ಎಂದು ಕರೆಯುವ ರೂಪಣಾತ್ಮಕ ಮೌಲ್ಯಮಾಪನಗಳಿಂದ. ಮಗು ವರ್ಷವಿಡೀ ಮಾಡಿದ ಪ್ರಾಜೆಕ್ಟು, ಚಟುವಟಿಕೆ, ಕಿರುಪರೀಕ್ಷೆಗಳಿಗೆ ಸಿಗುವ ಅಂಕ ಅದು. ಹೋದ ವರ್ಷದ ಮಕ್ಕಳಿಗೆ ವಿಜ್ಞಾನದಲ್ಲಿ ಎಷ್ಟೆಷ್ಟು ಬಂದಿತ್ತೆಂದು ಕೇಳಿ ನೋಡಿ. ಲಿಖಿತದಲ್ಲಿ ಮೂವತ್ತು ತೆಗೆದವನಿಗೂ ಎಪ್ಪತ್ತೈದು ತೆಗೆದವನಿಗೂ ಆಂತರಿಕದಲ್ಲಿ ಹತ್ತೊಂಬತ್ತು, ಇಪ್ಪತ್ತು ಬಿದ್ದಿದ್ದರೆ ಎಫ್.ಎ. ಕಾಗದದ ಮೇಲಷ್ಟೇ ನಡೆದಿದೆ. ಇದು ಎಷ್ಟೋ ಶಾಲೆಗಳಲ್ಲಿ ನಡೆಯುವುದೇ. ಮಗುವಿಗೆ ಅಂಕ ಸಿಕ್ಕಿತಲ್ಲ, ಬಿಡಿ ಎಂದು ಪೋಷಕರೂ ಸುಮ್ಮನಿರುತ್ತಾರೆ. ನಷ್ಟ ಏನೆಂದರೆ, ಆ ಮಗುವಿನ ಕೈಗೆ ವರ್ಷದಲ್ಲಿ ಒಂದು ಸಲವೂ ಪ್ರನಾಳ ಬರಲಿಲ್ಲ.

ನೋಟ್‌ಬುಕ್ ತೆರೆಯಿರಿ

ಪಾಠದ ಗುಣಮಟ್ಟ ತಿಳಿಯಲು ತರಗತಿಯೊಳಗೆ ಹೋಗಿ ಕೂರಬೇಕೆಂದಿಲ್ಲ. ಹಾಗೆ ನುಗ್ಗುವುದು ಸರಿಯೂ ಅಲ್ಲ. ಮಗುವಿನ ನೋಟ್‌ಬುಕ್ ಮನೆಗೇ ಬರುತ್ತದಲ್ಲ. ಅದೇ ತರಗತಿಯ ಇನ್ನಿಬ್ಬರು ಮಕ್ಕಳ ನೋಟ್‌ಬುಕ್ಕನ್ನೂ ಒಂದು ಭಾನುವಾರ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಬೆಂಚಿನ ಜಾಣರದ್ದು ಬೇಡ, ನಡುವಿನ ಬೆಂಚಿನವರದ್ದು.

ಮೂರೂ ಪುಸ್ತಕಗಳಲ್ಲಿ ಉತ್ತರ ಅಕ್ಷರ ಅಕ್ಷರವೂ ಒಂದೇ ಇದ್ದರೆ, ತಪ್ಪಾಗಿ ಬರೆದ ಒತ್ತಕ್ಷರ ಕೂಡ ಮೂರರಲ್ಲೂ ಒಂದೇ ಇದ್ದರೆ, ಬೋರ್ಡಿನ ಮೇಲೆ ಬರೆದದ್ದನ್ನೋ ಗೈಡಿನಲ್ಲಿದ್ದದ್ದನ್ನೋ ಇಳಿಸಿಕೊಂಡಿದ್ದಾರೆ ಎಂದು ಗೊತ್ತಾಗುತ್ತದೆ. ಪುಟಪುಟಕ್ಕೂ ಕೆಂಪು ಶಾಯಿಯ ಉದ್ದನೆಯ ಒಂದು ಗೀಟು, ಕೆಳಗೆ ಸಹಿ, ದಿನಾಂಕ. ಒಂದೇ ಒಂದು ಮಾತು ಬರೆದಿಲ್ಲ. ನಾನು ನೋಡಿದ ಇನ್ನೊಂದು ಬಗೆಯ ಪುಸ್ತಕವೂ ಇದೆ. ಒಂಬತ್ತನೇ ತರಗತಿಯ ಹುಡುಗನದು. ಲೆಕ್ಕ ಸರಿಯಾಗಿಯೇ ಮಾಡಿ ‘9.8’ ಎಂದು ಬರೆದು ನಿಲ್ಲಿಸಿದ್ದ. ಪಕ್ಕದಲ್ಲಿ ಶಿಕ್ಷಕಿ ‘9.8 ಏನು? ಏಕಮಾನ ಎಲ್ಲಿ?’ ಎಂದು ಕೇಳಿದ್ದರು. ಕೆಳಗೆ ಹುಡುಗ ಪೆನ್ಸಿಲ್‌ನಲ್ಲಿ ಸರಿ ಮಾಡಿದ್ದ, ಅದಕ್ಕೆ ಪುಟ್ಟದೊಂದು ಟಿಕ್ಕು ಬಿದ್ದಿತ್ತು. ಆ ಪುಟದಲ್ಲಿ ಕಾಟು ಹೊಡೆದದ್ದೂ ಇತ್ತು, ಅಂದಗೇಡಿ ಅಕ್ಷರವೂ ಇತ್ತು. ಅಲ್ಲಿ ಪಾಠ ನಡೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನೋಟ್‌ಬುಕ್ ಆದ ಮೇಲೆ ಮಗುವನ್ನೇ ಕೇಳಿ. ‘ಓಮ್‌ನ ನಿಯಮ ಹೇಳು’ ಅಂದರೆ ಗಿಳಿಪಾಠ ಬರುತ್ತದೆ. ‘ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದರೆ ಬೆಳಕು ಯಾಕೆ ಮಂಕಾಗುತ್ತೆ?’ ಅಂತ ಕೇಳಿ. ಉತ್ತರ ತಪ್ಪಾದರೂ ಪರವಾಗಿಲ್ಲ. ತನ್ನ ಮಾತಿನಲ್ಲಿ ಹೇಳಲು ಹೊರಟಿತೋ, ‘ಅದು ನೋಟ್ಸಲ್ಲಿ ಇಲ್ಲ’ ಅಂದಿತೋ, ಅದನ್ನು ಗಮನಿಸಿ.

ಎಂಟನೇ ತರಗತಿಗೆ ಬರುವ ಎಲ್ಲ ಮಕ್ಕಳಿಗೂ ಸರಾಗವಾಗಿ ಓದಲು, ಭಾಗಾಕಾರ ಮಾಡಲು ಬರುವುದಿಲ್ಲ ಎಂಬುದು ಹೈಸ್ಕೂಲು ಶಿಕ್ಷಕರಿಗೆ ದಿನನಿತ್ಯದ ಅನುಭವ. ವರ್ಷದ ಆರಂಭದಲ್ಲಿ ‘ಸೇತುಬಂಧ’ ಎಂದು ಪೂರ್ವ ಪರೀಕ್ಷೆ ಮಾಡಿ, ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಎಂದು ನೋಡುವ ಕ್ರಮವಿದೆ. ಪರೀಕ್ಷೆ ಎಲ್ಲ ಕಡೆ ಆಗುತ್ತದೆ, ಶಾಲೆ ಶಾಲೆಗೆ ವ್ಯತ್ಯಾಸ ಇರುವುದು ಆಮೇಲೆ. ‘ಪ್ರೈಮರಿಯಲ್ಲಿ ಏನೂ ಕಲಿಸಿಲ್ಲ, ನಾವೇನು ಮಾಡೋದು’ ಎಂದು ಪಟ್ಟಿ ಮಡಚಿಡುವವರಿದ್ದಾರೆ. ಓದಲು ಬಾರದ ಆರು ಮಕ್ಕಳಿದ್ದಾರೆ, ಡಿಸೆಂಬರ್‌ವರೆಗೆ ದಿನಾ ಊಟದ ನಂತರ ಇಪ್ಪತ್ತು ನಿಮಿಷ ಅವರನ್ನು ಕೂರಿಸಿಕೊಳ್ಳುತ್ತೇನೆ ಎಂದು ಹೊರಡುವ ಕನ್ನಡ ಮೇಷ್ಟ್ರೂ ಇದ್ದಾರೆ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವವರಂತೂ ಈ ಪ್ರಶ್ನೆಯನ್ನು ಬಿಡಲೇಬಾರದು: ಮೊದಲ ಆರು ತಿಂಗಳು ಆ ಮಗುವಿಗೆ ನೀವು ಏನು ಆಸರೆ ಕೊಡುತ್ತೀರಿ?

ಮೇಷ್ಟ್ರು ಇಲ್ಲದ ಪೀರಿಯಡ್

ಸಣ್ಣ ಹೈಸ್ಕೂಲಿನಲ್ಲಿ ವಿಷಯಕ್ಕೆ ಒಬ್ಬರೇ ಶಿಕ್ಷಕರು. ಗಣಿತ, ಭೌತವಿಜ್ಞಾನಕ್ಕೆ ಪಿ.ಸಿ.ಎಂ. ಶಿಕ್ಷಕರು ಒಬ್ಬರು, ಜೀವವಿಜ್ಞಾನ, ರಸಾಯನಕ್ಕೆ ಸಿ.ಬಿ.ಝಡ್. ಒಬ್ಬರು, ಸಮಾಜಕ್ಕೆ ಒಬ್ಬರು, ಮೂರು ಭಾಷೆಗೆ ಮೂವರು. ಪಿ.ಸಿ.ಎಂ. ಶಿಕ್ಷಕರು ವರ್ಗವಾಗಿ ಹೋದರೆಂದರೆ ಇಡೀ ಶಾಲೆಯ ಗಣಿತ ಹೋಯಿತು. ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರೇ ಗತಿ. ಇರುವವರೂ ತರಬೇತಿ, ಚುನಾವಣೆ, ಸಮೀಕ್ಷೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಕಚೇರಿಯ ಸಭೆ ಎಂದು ಹೊರಗಿರುವ ದಿನಗಳು ಕಡಿಮೆಯೇನಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಚಾರದಲ್ಲಿ ಕಣ್ಣು ತೆರೆಸುವಂಥದ್ದು. ಭೇಟಿ ಕೊಟ್ಟ ದಿನ ಶಾಲೆಯಲ್ಲಿ ಇಲ್ಲದ ಶಿಕ್ಷಕರು ಶೇ 18.5. ಆದರೆ ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಮಿಕ್ಕವರು ರಜೆ ಹಾಕಿದ್ದರು ಇಲ್ಲವೇ ಬೇರೆ ಕೆಲಸದ ಮೇಲೆ ಹೋಗಿದ್ದರು.

ಮೇಷ್ಟ್ರುಗಳು ಕಳ್ಳಬೀಳುತ್ತಾರೆ ಎಂಬ ಊರ ಮಾತು ಬಹುಪಾಲು ಅನ್ಯಾಯದ್ದು ಎಂದು ಇದರಿಂದ ತಿಳಿಯುತ್ತದೆ. ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಶಿಕ್ಷಕರು ಇಲ್ಲದ ದಿನ ಆಕಸ್ಮಿಕವಲ್ಲ, ಅದು ಬಂದೇ ಬರುತ್ತದೆ. ಬಂದೇ ಬರುವುದಕ್ಕೆ ತಯಾರಿ ಇದೆಯೇ ಎಂಬುದರಲ್ಲಿ ಶಾಲೆಯ ನಾಯಕತ್ವ ಕಾಣುತ್ತದೆ.

ನಿಮ್ಮ ಮಗುವನ್ನು ಕೇಳಿ: ‘ಇವತ್ತು ಗಣಿತದ ಮೇಡಂ ಬಂದಿರಲಿಲ್ಲವಲ್ಲ, ಆ ಪೀರಿಯಡ್‌ನಲ್ಲಿ ಏನು ಮಾಡಿದ್ರಿ?’ ‘ಗ್ರೌಂಡಿಗೆ ಬಿಟ್ರು’, ‘ಲೀಡರ್ ಹೆಸರು ಬರೀತಿದ್ದ’, ‘ಸುಮ್ನೆ ಕೂತಿದ್ವಿ’ ಎಂಬ ಉತ್ತರ ಒಂದು ದಿನ ಬಂದರೆ ಚಿಂತಿಸಬೇಡಿ. ತಿಂಗಳಿಡೀ ಅದೇ ಉತ್ತರವಾದರೆ ಚಿಂತಿಸಿ. ಚೆನ್ನಾಗಿ ನಡೆಯುವ ಶಾಲೆಯಲ್ಲಿ ಹಿಂದಿನ ದಿನ ಸಂಜೆಯೇ ಬದಲಿ ವೇಳಾಪಟ್ಟಿ ಸ್ಟಾಫ್ ರೂಮಿನ ಬೋರ್ಡಿಗೆ ಬರುತ್ತದೆ. ಗಣಿತದ ಮೇಡಂ ಹೋಗುವ ಮುನ್ನ ಹತ್ತು ಲೆಕ್ಕ ಬರೆದಿಟ್ಟು ಹೋಗುತ್ತಾರೆ. ಆ ಪೀರಿಯಡ್‌ಗೆ ಹಿಂದಿ ಶಿಕ್ಷಕರು ಹೋದರೂ ಮಕ್ಕಳು ಮಾಡುವುದು ಗಣಿತವನ್ನೇ. ಲಾಗ ಹಾಕಿದರೂ ಯಾರೂ ಸಿಗದಿದ್ದರೆ ಎಚ್.ಎಂ. ತಾವೇ ಹೋಗಿ ನಿಲ್ಲುತ್ತಾರೆ. ಗ್ರಂಥಾಲಯದ ಪುಸ್ತಕ ಕೊಟ್ಟು ಓದಿಸುವವರೂ ಉಂಟು. ಅದಕ್ಕೆ ಗ್ರಂಥಾಲಯದ ಬೀರು ತೆರೆದಿರಬೇಕು. ಪುಸ್ತಕ ವಿತರಣೆಯ ರಿಜಿಸ್ಟರ್‌ನಲ್ಲಿ ಕೊನೆಯ ದಿನಾಂಕ ಯಾವುದೆಂದು ಒಮ್ಮೆ ನೋಡಿಬಿಡಿ.

ವೇಳಾಪಟ್ಟಿಯನ್ನೂ ಓದಿ. ಹತ್ತನೇ ತರಗತಿಗೆ ಆಟದ ಪೀರಿಯಡ್ ಕಾಗದದಲ್ಲಿದ್ದು ಜೂನ್‌ನಿಂದಲೇ ಅದರಲ್ಲಿ ಗಣಿತ ನಡೆಯುತ್ತಿದ್ದರೆ ಶಾಲೆ ಯಾವುದೋ ಗಾಬರಿಯಲ್ಲಿದೆ. ವಿಶೇಷ ತರಗತಿ ಬೆಳಿಗ್ಗೆ ಎಂಟೂವರೆಗೆ ಇಟ್ಟು, ಹಳ್ಳಿಯ ಬಸ್ಸು ಒಂಬತ್ತು ಇಪ್ಪತ್ತಕ್ಕೆ ಬರುವುದಾದರೆ ಆ ತರಗತಿ ಯಾರಿಗಾಗಿ? ಮಲೆನಾಡಿನ ಕಡೆ, ಬಯಲುಸೀಮೆಯ ಒಳಹಳ್ಳಿಗಳ ಕಡೆ ಇದು ದೊಡ್ಡ ಪ್ರಶ್ನೆ. ಬಸ್ಸಿನ ವೇಳೆ ನೋಡಿಕೊಂಡು ವಿಶೇಷ ತರಗತಿಯನ್ನು ಬಿಸಿಯೂಟದ ನಂತರಕ್ಕೆ ಹಾಕಿದ ಎಚ್.ಎಂ., ಇಲ್ಲವೇ ಡಿಪೊ ಮ್ಯಾನೇಜರ್‌ಗೆ ಅರ್ಜಿ ಕೊಟ್ಟು ಬಸ್ಸನ್ನೇ ಅರ್ಧ ಗಂಟೆ ಮುಂಚೆ ಮಾಡಿಸಿದ ಎಚ್.ಎಂ. ಮಕ್ಕಳನ್ನು ನೋಡಿ ಶಾಲೆ ನಡೆಸುವವರು.

ಎಚ್.ಎಂ. ಎಲ್ಲಿರುತ್ತಾರೆ?

ಮುಖ್ಯ ಶಿಕ್ಷಕರ ಮೇಲೆ ಹೊರೆ ಹೆಚ್ಚು. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ, ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಕೂಡಲೇ ಕಳುಹಿಸಿ’ ಎಂದು ಬರುವ ನಮೂನೆಗಳು. ಗುಮಾಸ್ತರಿಲ್ಲದ ಶಾಲೆಯಲ್ಲಿ ಇದೆಲ್ಲ ಅವರ ತಲೆಗೇ. ಖಾಯಂ ಎಚ್.ಎಂ. ಇಲ್ಲದೆ ಹಿರಿಯ ಶಿಕ್ಷಕರೊಬ್ಬರು ಪ್ರಭಾರ ವಹಿಸಿಕೊಂಡಿದ್ದರೆ ತಮ್ಮ ವಿಷಯದ ಪಾಠದ ಜೊತೆಗೆ ಇದನ್ನೂ ಮಾಡಬೇಕು. ಇದನ್ನು ಪೋಷಕರು ಮರೆಯಬಾರದು.

ಆದರೂ ನೋಡಬೇಕಾದ್ದು ನೋಡಲೇಬೇಕು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಹೋದ್ಯೋಗಿಗಳು ಶಾಲಾ ನಾಯಕತ್ವದ ಬಗೆಗಿನ ಹಲವು ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿ 2008ರಲ್ಲಿ ಬರೆದ ಲೇಖನ ಶಿಕ್ಷಣ ವಲಯದಲ್ಲಿ ಹೆಸರಾದದ್ದು. ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಕಂಡದ್ದು ಶಿಕ್ಷಕರ ಕಲಿಕೆಯನ್ನು ಮುಂದೆ ನಿಂತು ನಡೆಸುವುದು, ತಾವೂ ಅದರಲ್ಲಿ ಕೂತು ಪಾಲ್ಗೊಳ್ಳುವುದು. ನಮ್ಮ ಶಾಲೆಯ ಮಾತಿನಲ್ಲಿ ಹೇಳುವುದಾದರೆ, ಎಚ್.ಎಂ. ತರಗತಿ ವೀಕ್ಷಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಸಂಜೆ ಆ ಶಿಕ್ಷಕರ ಜೊತೆ ಹತ್ತು ನಿಮಿಷ ಮಾತಾಡುತ್ತಾರೆಯೇ ಎಂಬುದು. ವೀಕ್ಷಣೆಯ ಪುಸ್ತಕ ಎಲ್ಲ ಕಡೆ ಇರುತ್ತದೆ. ‘ಪಾಠ ಉತ್ತಮವಾಗಿತ್ತು, ಮಕ್ಕಳ ಸ್ಪಂದನೆ ಚೆನ್ನಾಗಿತ್ತು’ ಎಂದು ಹತ್ತು ಪುಟ ಒಂದೇ ರೀತಿ ಬರೆದಿದ್ದರೆ ಅದು ಅಧಿಕಾರಿಗಳಿಗೆ ತೋರಿಸಲು ಬರೆದದ್ದು. ‘ಪ್ರಶ್ನೆ ಕೇಳಿದಾಗ ಬಲಗಡೆಯ ಹುಡುಗಿಯರ ಸಾಲಿಗೆ ಒಮ್ಮೆಯೂ ಅವಕಾಶ ಬರಲಿಲ್ಲ’ ಎಂದಿದ್ದರೆ ಆ ಶಾಲೆಯಲ್ಲಿ ಯಾರೋ ಗಮನ ಇಟ್ಟು ಕೂತಿದ್ದರು.

ಪೋಷಕರಿಗೆ ಆ ಪುಸ್ತಕ ಸಿಗದಿರಬಹುದು. ಆದರೆ ಮಾತು ಸಿಗುತ್ತದೆ. ‘ಸರ್, ನಮ್ಮ ಹುಡುಗಿ ಗಣಿತದಲ್ಲಿ ಎಲ್ಲಿ ಎಡವ್ತಿದಾಳೆ?’ ಎಂದು ಕೇಳಿ. ‘ಇನ್ನೂ ಓದ್ಬೇಕು, ಮನೇಲಿ ಟಿ.ವಿ., ಮೊಬೈಲ್ ಕಮ್ಮಿ ಮಾಡ್ಸಿ’ ಎಂಬ ಉತ್ತರ ಯಾವ ಮಗುವಿಗೂ ಹೊಂದುತ್ತದೆ. ‘ಬೀಜಗಣಿತ ಅರ್ಥ ಆಗಿದೆ, ಮೈನಸ್ ಚಿಹ್ನೆ ಆವರಣದ ಹೊರಗೆ ಬಂದ್ರೆ ತಪ್ಪಿಸ್ತಾಳೆ, ಈ ವಾರ ಅದನ್ನೇ ಮಾಡಿಸ್ತಿದೀನಿ’ ಎಂಬ ಉತ್ತರ ನಿಮ್ಮ ಮಗಳೊಬ್ಬಳಿಗೇ ಹೊಂದುವಂಥದ್ದು. ನೂರು ಮಕ್ಕಳ ಶಾಲೆಯಲ್ಲಿ ಇಂಥ ಉತ್ತರ ಸಾಧ್ಯ. ಸಣ್ಣ ಶಾಲೆಗಿರುವ ದೊಡ್ಡ ಬಲವೇ ಅದು. ಮೂರು ವರ್ಷ ಅದೇ ಶಿಕ್ಷಕರು ಅದೇ ಮಗುವನ್ನು ನೋಡುತ್ತಾರೆ. ಪಟ್ಟಣದ ದೊಡ್ಡ ಶಾಲೆಗೆ ಸೇರಿಸಲು ಹವಣಿಸುವವರು ಇದನ್ನು ತೂಗಿ ನೋಡಬೇಕು.

‘ಪಾಸಿಂಗ್ ಪ್ಯಾಕೇಜ್’ ಬಗ್ಗೆಯೂ ಒಂದು ಮಾತು. ವಿಜ್ಞಾನದ ಚಿತ್ರ, ಸಮಾಜದ ಭೂಪಟ, ಗಣಿತದ ಪ್ರಮೇಯ, ಕನ್ನಡದ ಪತ್ರಲೇಖನ, ಕಂಠಪಾಠದ ಪದ್ಯ, ಹೀಗೆ ಖಚಿತವಾಗಿ ಅಂಕ ಬರುವುದನ್ನಷ್ಟೇ ಆರಿಸಿ ರೂಢಿ ಮಾಡಿಸುವ ಕ್ರಮ ಇದು. ಜನವರಿಯಲ್ಲಿ ಅಂಚಿನಲ್ಲಿರುವ ನಾಲ್ಕಾರು ಮಕ್ಕಳಿಗೆ ಇದನ್ನು ಮಾಡಿಸುವುದು ತಪ್ಪಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗಿಗೆ ಮುಂದಿನ ಬಾಗಿಲುಗಳು ಎಷ್ಟು ಬೇಗ ಮುಚ್ಚುತ್ತವೆ ಎಂದು ಶಿಕ್ಷಕರಿಗೆ ಗೊತ್ತು. ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ, ಸಂಜೆ ಮನೆ ಭೇಟಿಗೆ ಹೋಗುವ ಶಿಕ್ಷಕರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆಗಸ್ಟ್‌ನಲ್ಲೇ ಇಡೀ ತರಗತಿಗೆ ಪ್ಯಾಕೇಜ್ ಹಿಡಿಸಿದರೆ ಅಲ್ಲಿ ಪಾಠ ಬಿಟ್ಟುಕೊಟ್ಟಿದ್ದಾರೆ. ಎಂಬತ್ತು ತೆಗೆಯಬಲ್ಲ ಮಗುವೂ ಅಲ್ಲಿ ಪಾಸಾಗುವಷ್ಟರ ಅಳತೆಗೆ ಓದುತ್ತದೆ. ಪಿ.ಯು.ನಲ್ಲಿ ವಿಜ್ಞಾನ ತೆಗೆದುಕೊಂಡ ಮೊದಲ ತಿಂಗಳಲ್ಲೇ ಅದರ ಬೆಲೆ ತೆರುತ್ತದೆ.

ಖಾಸಗಿ ಸಣ್ಣ ಹೈಸ್ಕೂಲಾದರೆ ಇಷ್ಟರ ಜೊತೆಗೆ ಒಂದೇ ಪ್ರಶ್ನೆ ಸೇರಿಸಿ: ಮೂರು ವರ್ಷದ ಹಿಂದೆ ಇದ್ದ ಶಿಕ್ಷಕರಲ್ಲಿ ಈಗ ಎಷ್ಟು ಜನ ಇದ್ದಾರೆ? ಅರ್ಧಕ್ಕರ್ಧ ಬದಲಾಗಿದ್ದರೆ ಸ್ಮಾರ್ಟ್ ಬೋರ್ಡ್ ನೋಡಿ ಮರುಳಾಗಬೇಡಿ.

ಕೊರತೆ ಕಂಡಾಗ

ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬರೇ ಹೋಗಿ ಜಗಳ ತೆಗೆದರೆ ‘ಅವರ ಮಗ’ ಎಂದು ಮಗುವಿಗೆ ಹಣೆಪಟ್ಟಿ ಬೀಳುತ್ತದೆ. ಮೂರ್ನಾಲ್ಕು ಪೋಷಕರು ಸೇರಿ, ಮೊದಲು ತರಗತಿ ಶಿಕ್ಷಕರ ಬಳಿ, ಆಮೇಲೆ ಎಚ್.ಎಂ. ಬಳಿ ಹೋಗಿ. ತರಗತಿಯ ಫೋಟೊ ತೆಗೆದು ಊರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅದರಿಂದ ಖಾಲಿ ಪೀರಿಯಡ್ ತುಂಬುವುದಿಲ್ಲ, ಶಿಕ್ಷಕರ ಮನಸ್ಸು ಮುರಿಯುತ್ತದೆ.

ಸರ್ಕಾರಿ ಶಾಲೆಯಾದರೆ ಇದನ್ನೆಲ್ಲ ಎತ್ತಲು ನಿಜವಾದ ಜಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆ. ಅಲ್ಲಿ ಪೋಷಕರೂ ಸದಸ್ಯರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಸುಣ್ಣಬಣ್ಣ, ಕಾಂಪೌಂಡ್, ವಾರ್ಷಿಕೋತ್ಸವದ ಶಾಮಿಯಾನದ ಚರ್ಚೆಯಲ್ಲೇ ಸಭೆ ಮುಗಿಯುವುದು ರೂಢಿ. ಮೊದಲ ಅರ್ಧ ಗಂಟೆ ಕಲಿಕೆಗೆ ಮಾತ್ರ ಎಂದು ಅಜೆಂಡಾದಲ್ಲಿ ಬರೆಸಿ. ಖಾಲಿ ಇರುವ ಹುದ್ದೆ ಯಾವುದು, ಅತಿಥಿ ಶಿಕ್ಷಕರು ಯಾವಾಗ ಬರುತ್ತಾರೆ, ಈ ತಿಂಗಳು ಎಷ್ಟು ಪೀರಿಯಡ್ ತಪ್ಪಿದೆ, ಸತತ ಗೈರಾಗುತ್ತಿರುವ ಮಕ್ಕಳು ಯಾರು. ಈ ನಾಲ್ಕಕ್ಕೆ ಉತ್ತರ ನಡಾವಳಿಯಲ್ಲಿ ದಾಖಲಾಗಲಿ. ಹುದ್ದೆ ಖಾಲಿ ಇದ್ದರೆ ನಡಾವಳಿಯ ಪ್ರತಿ ಲಗತ್ತಿಸಿ ಬಿ.ಇ.ಒ.ಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ ಜಿಲ್ಲೆಯ ಉಪನಿರ್ದೇಶಕರ (ಡಿ.ಡಿ.ಪಿ.ಐ.) ಕಚೇರಿ. ವಿಷಯ ಪರಿವೀಕ್ಷಕರು ಇರುವುದೂ ಅಲ್ಲೇ. ಗಣಿತದ ಪಾಠವೇ ದುರ್ಬಲವಾಗಿದ್ದರೆ ದೂರಿನ ಬದಲು ಅವರ ಭೇಟಿ ಕೇಳಿ. ಶಿಕ್ಷಕರಿಗೂ ಅದು ಆಸರೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಬಸ್ಸು, ಪ್ರಯೋಗಾಲಯದ ಮಾತನ್ನು ಮಕ್ಕಳೇ ಎತ್ತಬಹುದು. ಅವರ ಬಾಯಲ್ಲಿ ಬಂದ ಮಾತಿಗೆ ತೂಕ ಹೆಚ್ಚು.

ಮಾಹಿತಿ ಹಕ್ಕಿನ ಅರ್ಜಿ ಹತ್ತು ರೂಪಾಯಿಯದು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆದರೆ ಸಣ್ಣ ಶಾಲೆಯಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬಾಯಲ್ಲಿ ಕೇಳಿದರೆ ಸಿಗುವುದನ್ನು ಅರ್ಜಿಯಲ್ಲಿ ಕೇಳಿದರೆ ಮುಂದಿನ ಮಾತೆಲ್ಲ ಕಾಗದದಲ್ಲೇ ನಡೆಯುತ್ತದೆ. ಹೊಡೆತ, ಕಿರುಕುಳದ ವಿಷಯಕ್ಕೆ ಮಾತ್ರ ಈ ಕಾಯುವಿಕೆ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಕರೆ ಮಾಡಿ.

ಒಳ್ಳೆಯ ಎಚ್.ಎಂ. ಬಂದಾಗ ಇನ್ನೊಂದು ಎಚ್ಚರ ಬೇಕು. ಅವರೂ ಒಂದು ದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ಕಡೆ ಹೋಗುತ್ತಾರೆ. ಸಣ್ಣ ಶಾಲೆಯಲ್ಲಿ ಎಲ್ಲವೂ ಒಬ್ಬರ ತಲೆಯಲ್ಲಿ ಇದ್ದುಬಿಟ್ಟರೆ ಅವರ ಜೊತೆಗೇ ಹೊರಟುಹೋಗುತ್ತದೆ. ಓದಿನಲ್ಲಿ ಹಿಂದಿರುವ ಮಕ್ಕಳ ಪಟ್ಟಿ, ಬದಲಿ ಪೀರಿಯಡ್‌ನ ಕ್ರಮ, ಶಾಲೆ ಬಿಡುವ ಅಂಚಿನಲ್ಲಿರುವ ಮಕ್ಕಳ ಮನೆಯ ವಿವರ, ಇವನ್ನು ಅವರು ಇರುವಾಗಲೇ ಬರೆದಿಡಲು ಕೇಳಿಕೊಳ್ಳಿ. ಹೊಸಬರು ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲೇ ಎಸ್‌ಡಿಎಂಸಿ ಸಭೆ ಕರೆಸಿ, ಹಿಂದಿನ ಮೂರು ಸಭೆಗಳ ನಡಾವಳಿ ಓದಿಸಿ, ಆ ಪಟ್ಟಿಯನ್ನು ಅವರ ಕೈಗೆ ಕೊಡಿ.